ಕ್ರಿಸ್‌ಫೀಲ್ಡ್: ಏಡಿಯ ಊರಿನಲ್ಲಿ ದಡದ ವ್ಯಾಪಾರ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ 413ನೇ ನಂಬರಿನ ರಸ್ತೆ ಮುಂದೆ ಹೋಗಲು ನೆಲವಿಲ್ಲದೆ ನಿಂತುಬಿಡುವ ಜಾಗವೇ ಕ್ರಿಸ್‌ಫೀಲ್ಡ್. ಮುಖ್ಯಬೀದಿ ನೇರವಾಗಿ ಧಕ್ಕೆಗೆ ಹೋಗಿ ಮುಗಿಯುತ್ತದೆ. ಆಚೆಗೆ ಟ್ಯಾಂಜಿಯರ್ ಸೌಂಡ್, ಅದರಾಚೆ ಚೆಸಪೀಕ್ ಕೊಲ್ಲಿ. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು, ಸಮುದ್ರಮಟ್ಟದಿಂದ ಎತ್ತರ ಮೂರಡಿ. ಇಷ್ಟು ಪುಟ್ಟ ಊರು ತನ್ನನ್ನು ‘ಜಗತ್ತಿನ ಏಡಿ ರಾಜಧಾನಿ’ ಎಂದು ಕರೆದುಕೊಳ್ಳುತ್ತದೆ, ಅದೂ ಯಾವ ಸಂಕೋಚವಿಲ್ಲದೆ.

ಪೇಟೆಯ ನೀರಿನಂಚಿನ ಭಾಗ ನಿಂತಿರುವುದು ಸಿಂಪಿಯ ಚಿಪ್ಪಿನ ಮೇಲೆ. 1860ರ ದಶಕದಲ್ಲಿ ಜಾನ್ ಕ್ರಿಸ್‌ಫೀಲ್ಡ್ ಎಂಬ ವಕೀಲರು ಈ ಮೂಲೆಗೆ ರೈಲು ತಂದಾಗ ಊರಿನ ಹೆಸರು ಸೋಮರ್ಸ್ ಕೋವ್. ಊರು ನೋಡಲು ಬಂದ ವಕೀಲರು ಹಲಗೆಯಿಂದ ಜಾರಿ ನೀರಿಗೆ ಬಿದ್ದರಂತೆ. ಅವರ ಸಿಟ್ಟು ಇಳಿಸಲು ಊರಿಗೆ ಅವರದೇ ಹೆಸರಿಟ್ಟರಂತೆ. ನಿಜವೋ ಸುಳ್ಳೋ, ಕತೆ ಚೆನ್ನಾಗಿದೆ. ರೈಲು ಬಂದದ್ದೇ ತಡ, ಕೊಲ್ಲಿಯ ಸಿಂಪಿ ರಾಶಿರಾಶಿಯಾಗಿ ಇಲ್ಲಿಗೆ ಬಂದು, ಚಿಪ್ಪು ಬಿಡಿಸಿಕೊಂಡು, ಮಂಜುಗಡ್ಡೆಯಲ್ಲಿ ಕುಳಿತು ಉತ್ತರದ ಶಹರಗಳಿಗೆ ಹೊರಟಿತು. ಉಳಿದ ಚಿಪ್ಪನ್ನು ಜೌಗಿಗೆ ಸುರಿದರು. ಸುರಿದಲ್ಲಿ ನೆಲವಾಯಿತು, ನೆಲವಾದಲ್ಲಿ ಗೋದಾಮು ಎದ್ದಿತು. ಈ ಊರಿನ ಮೊದಲ ರಿಯಲ್ ಎಸ್ಟೇಟ್ ಅದೇ. ಮಿತಿಮೀರಿ ಬಾಚಿ ಸಿಂಪಿ ಬರಿದಾದ ಮೇಲೆ ಜನ ಏಡಿಯ ಕಡೆ ತಿರುಗಿದರು.

ಇಲ್ಲಿಯದು ನೀಲಿ ಏಡಿ. ಇದರ ಮತ್ತು ಇದನ್ನು ನಂಬಿ ಬದುಕುವವರ ಬಗ್ಗೆ ವಿಲಿಯಂ ವಾರ್ನರ್ ಬರೆದ ‘ಬ್ಯೂಟಿಫುಲ್ ಸ್ವಿಮ್ಮರ್ಸ್’ ಪುಸ್ತಕಕ್ಕೆ 1977ರಲ್ಲಿ ಪುಲಿಟ್ಜರ್ ಬಹುಮಾನ ಬಂದಿತ್ತು. ಕ್ರಿಸ್‌ಫೀಲ್ಡಿನ ಹೆಚ್ಚುಗಾರಿಕೆ ಮೆತ್ತನೆಯ ಏಡಿ. ಬೆಳೆಯಬೇಕಾದರೆ ಏಡಿ ಹಳೆಯ ಚಿಪ್ಪು ಕಳಚಲೇಬೇಕು. ಕಳಚಿದ ಮೊದಲ ಕೆಲವು ತಾಸು ಅದರ ಮೈ ಎಷ್ಟು ಮೆತ್ತಗಿರುತ್ತದೆ ಎಂದರೆ ಕರಿದು ಇಡಿಯಾಗಿ ತಿನ್ನಬಹುದು. ಆ ಗಳಿಗೆಯನ್ನು ಮೊದಲೇ ಅರಿಯುವುದು ಇಲ್ಲಿನ ವಿದ್ಯೆ. ಹಿಂಗಾಲಿನ ಈಜುರೆಕ್ಕೆಯ ಅಂಚಿನಲ್ಲಿ ಒಂದು ಗೆರೆ ಮೂಡುತ್ತದೆ. ಬಿಳಿಯಾಗಿದ್ದರೆ ಇನ್ನೂ ಎರಡು ವಾರ ಕಾಯಬೇಕು, ಗುಲಾಬಿಯಾದರೆ ಒಂದು ವಾರ, ಕೆಂಪಾದರೆ ಇವತ್ತೋ ನಾಳೆಯೋ. ಅಂಥವನ್ನು ಆಳವಿಲ್ಲದ ತೊಟ್ಟಿಗಳಲ್ಲಿ ಬಿಟ್ಟು ಹಗಲೂ ರಾತ್ರಿಯೂ ಕೆಲವು ತಾಸಿಗೊಮ್ಮೆ ನೋಡುತ್ತಿರಬೇಕು. ಕಣ್ಣು ತಪ್ಪಿದರೆ ಚಿಪ್ಪು ಬಿಗಿಯುತ್ತದೆ, ದರ ಇಳಿಯುತ್ತದೆ. ನಿದ್ದೆಗೆಟ್ಟು ಮಾಡುವ ಕಸುಬು ಇದು. ಮಾಡುವವರಿಗೆ ಇಲ್ಲಿ ವಾಟರ್‌ಮನ್ ಎಂದು ಹೆಸರು.

ರಜೆಗೆ ಬಂದವರ ಏಡಿ ಬೇಟೆಗೆ ಇಷ್ಟು ಪಾಡಿಲ್ಲ. ಒಂದು ದಾರ, ತುದಿಗೆ ಕೋಳಿಯ ಕತ್ತು, ಮುಳುಗಲು ಸ್ವಲ್ಪ ಸೀಸ, ಉದ್ದ ಹಿಡಿಯ ಕೈಬಲೆ. ಕೊಕ್ಕೆ ಬೇಕಿಲ್ಲ, ಏಡಿಯ ದುರಾಸೆಯೇ ಸಾಕು. ದಾರ ಬಿಗಿಯಾಗಿ ಪಕ್ಕಕ್ಕೆ ಸರಿಯತೊಡಗಿದರೆ ಅದು ಮಾಂಸ ಹಿಡಿದಿದೆ ಎಂದರ್ಥ. ಆಮೇಲೆ ಇಂಚಿಂಚಾಗಿ ಎಳೆಯಬೇಕು. ನೀರಿನಿಂದ ತಲೆ ಹೊರಬಂದರೆ ಬಿಟ್ಟೋಡುತ್ತದೆ, ಅದಕ್ಕೆ ಮೊದಲೇ ಬಲೆಯನ್ನು ಅಡಿಯಿಂದ ತೂರಿಸಬೇಕು. ಕಸುಬಿನವರು ಈ ಹವ್ಯಾಸಿಗಳನ್ನು ‘ಚಿಕನ್ ನೆಕ್ಕರ್’ ಎಂದು ಗೇಲಿ ಮಾಡುತ್ತಾರೆ. ಊರಿಗೆ ಹೊಸದಾಗಿ ಬಂದು ಮನೆ ಕಟ್ಟಿದವರಿಗೆ ಬೇರೆಯೇ ಹೆಸರಿದೆ, ‘ಕಮ್ ಹಿಯರ್’. ಮೂವತ್ತು ವರ್ಷ ಇಲ್ಲೇ ಇದ್ದರೂ ಆ ಪಟ್ಟ ಇಳಿಯುವುದಿಲ್ಲ.

ದಾರ ಬಿಟ್ಟು ಹಿಡಿಯುವುದಕ್ಕೆ ಲೈಸೆನ್ಸ್ ಬೇಡ, ಆದರೆ ನಿಯಮಗಳಿವೆ. ಲೈಸೆನ್ಸ್ ಇಲ್ಲದವರು ದಿನಕ್ಕೆ ಎರಡು ಡಜನ್ ಗಂಡು ಏಡಿ ಇಟ್ಟುಕೊಳ್ಳಬಹುದು. ಚಿಪ್ಪಿನ ಅಗಲ ಜುಲೈ ಮಧ್ಯದವರೆಗೆ ಕನಿಷ್ಠ ಐದಿಂಚು, ಆಮೇಲೆ ಐದೂಕಾಲು. ಗಟ್ಟಿ ಚಿಪ್ಪಿನ ಹೆಣ್ಣನ್ನು ಹವ್ಯಾಸಿಗಳು ಮುಟ್ಟುವಂತಿಲ್ಲ, 2008ರಿಂದ ನಿಷೇಧವಿದೆ. ಗುರುತು ಸುಲಭ: ಗಂಡಿನ ಹೊಟ್ಟೆಯಡಿಯ ಮುಚ್ಚಳ ವಾಷಿಂಗ್ಟನ್ ಸ್ಮಾರಕಸ್ತಂಭದ ಹಾಗೆ ಸಪೂರ, ಬಲಿತ ಹೆಣ್ಣಿನದು ಸಂಸತ್ ಭವನದ ಗುಮ್ಮಟದ ಹಾಗೆ ಅಗಲ ಎಂದು ಇಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಹೆಣ್ಣಿನ ಕೊಂಡಿಯ ತುದಿ ಬೇರೆ ಕೆಂಪು.

ಏಡಿಯೂ ಆಸ್ತಿಯೂ ಗಂಟುಬೀಳುವುದು ಇನ್ನೊಂದು ನಿಯಮದಲ್ಲಿ. ಇಲ್ಲಿ ಏಡಿ ಹಿಡಿಯುವ ಮುಖ್ಯ ಸಾಧನ ಪಾಟ್, ಅಂದರೆ ತಂತಿ ಜಾಲರಿಯ ಚೌಕ ಪಂಜರ. ವರ್ಜೀನಿಯಾದ ಬೆಂಜಮಿನ್ ಲೂಯಿಸ್ 1928ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ಮೇರಿಲ್ಯಾಂಡಿನಲ್ಲಿ ಹವ್ಯಾಸಿಗಳ ಪೈಕಿ ಈ ಪಂಜರ ಇಳಿಸುವ ಹಕ್ಕಿರುವುದು ನೀರಿಗೆ ಹೊಂದಿದ ಜಾಗದ ಒಡೆಯನಿಗೆ ಮಾತ್ರ. ಒಂದು ಆಸ್ತಿಗೆ ಎರಡು ಪಂಜರ, ಅದೂ ಸ್ವಂತ ಧಕ್ಕೆಯಿಂದ. ಪಂಜರದ ಬಾಯಿಗೆ ಆಮೆ ನುಗ್ಗದಂತೆ ಚೌಕಟ್ಟು ಕಡ್ಡಾಯ. ರಾಜ್ಯದ ಲಾಂಛನವಾದ ಟೆರಪಿನ್ ಆಮೆಗಳು ಒಳಹೊಕ್ಕು ಉಸಿರುಗಟ್ಟಿ ಸಾಯುತ್ತಿದ್ದವು. ಕಸುಬಿನ ವಾಟರ್‌ಮನ್ ಬಹುತೇಕ ನದಿತೊರೆಗಳ ಒಳಗೆ ಪಂಜರ ಹಾಕುವಂತಿಲ್ಲ, ದಡದ ಮನೆಯಾತ ಹಾಕಬಹುದು. ಮನೆ ಮಾರಾಟದ ಜಾಹೀರಾತುಗಳು ‘ನಿಮ್ಮದೇ ಧಕ್ಕೆಯಿಂದ ಏಡಿ ಹಿಡಿಯಿರಿ’ ಎಂದು ಕರೆಯುವುದು ಬರಿಯ ಬಣ್ಣದ ಮಾತಲ್ಲ. ಕ್ರಯಪತ್ರದ ಜೊತೆ ಎರಡು ಪಂಜರದಷ್ಟು ಕೊಲ್ಲಿಯೂ ಕೈಗೆ ಬರುತ್ತದೆ.

ಈ ಆಸೆಗೆ ದಾರಿ ತೆರೆದದ್ದು 1952ರಲ್ಲಿ ಕೊಲ್ಲಿಗೆ ಅಡ್ಡಲಾಗಿ ಕಟ್ಟಿದ ಸೇತುವೆ. ವಾಷಿಂಗ್ಟನ್, ಬಾಲ್ಟಿಮೋರಿನ ದುಡ್ಡು ಆಗ ಕ್ರಿಸ್‌ಫೀಲ್ಡ್ ಇರುವ ಪೂರ್ವದಡಕ್ಕೆ ಹರಿಯಿತು. ಮೊದಲು ಸೇತುವೆಗೆ ಹತ್ತಿರದ ಊರುಗಳು ದುಬಾರಿಯಾದವು. 2000ದ ದಶಕದಲ್ಲಿ ಬಿಸಿ ಕ್ರಿಸ್‌ಫೀಲ್ಡಿಗೂ ತಟ್ಟಿ, ನೀರಿನಂಚಿನಲ್ಲಿ ಬಹುಮಹಡಿ ಕಾಂಡೋಮಿನಿಯಂಗಳು ಎದ್ದವು. 2008ರ ಆರ್ಥಿಕ ಕುಸಿತ ಆ ಓಟವನ್ನು ನಿಲ್ಲಿಸಿತು. ನನಗೆ ಇದರಲ್ಲಿ ಕಾಣುವ ನಷ್ಟ ಬಿಲ್ಡರುಗಳದ್ದಲ್ಲ. ದೋಣಿ ಕಟ್ಟಲು, ಏಡಿ ಇಳಿಸಲು, ಪಂಜರ ಪೇರಿಸಿಡಲು ದಡ ಬೇಕು. ಒಮ್ಮೆ ಬಾಲ್ಕನಿಯ ನೋಟಕ್ಕೆ ಮಾರಿದ ದಡ ಮತ್ತೆ ಕಸುಬಿಗೆ ಸಿಗುವುದಿಲ್ಲ. ಹಸಿ ಮೀನಿನ ವಾಸನೆ, ನಸುಕಿನ ಎಂಜಿನ್ ಸದ್ದು ಇವು ನೋಟ ಕೊಂಡವರಿಗೆ ಹಿಡಿಸುವಂಥವೂ ಅಲ್ಲ.

ಕೊನೆಯ ಮಾತು ನೀರಿನದು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಬಂದಾಗ ಮೇರಿಲ್ಯಾಂಡಿನಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಊರುಗಳಲ್ಲಿ ಇದೂ ಒಂದು. ನೂರಾರು ಮನೆಗಳಿಗೆ ನೀರು ನುಗ್ಗಿತು. ಇಲ್ಲಿಂದ ದೋಣಿಯಲ್ಲಿ ಹೋಗುವ ಸ್ಮಿತ್ ದ್ವೀಪದವರಿಗೆ ಮರುವರ್ಷ ಸರ್ಕಾರ, ಮನೆ ನಮಗೆ ಮಾರಿ ಹೊರಡಿ ಎಂದಿತು. ಅವರು ಸಂಘ ಕಟ್ಟಿಕೊಂಡು ಒಲ್ಲೆವೆಂದರು. ಕ್ರಿಸ್‌ಫೀಲ್ಡಿನಲ್ಲಿ ಈಗ ದೊಡ್ಡ ಬಿರುಗಾಳಿಯೇ ಬೇಕಿಲ್ಲ, ಜೋರು ಭರತಕ್ಕೂ ಬೀದಿಯಲ್ಲಿ ನೀರು. ನೆರೆ ತಡೆಯಲು ಒಕ್ಕೂಟ ಸರ್ಕಾರದ ಯೋಜನೆಯೊಂದರಲ್ಲಿ ಊರಿಗೆ ಸುಮಾರು 3.6 ಕೋಟಿ ಡಾಲರ್ ನಿಗದಿಯಾಗಿತ್ತು. 2025ರ ಏಪ್ರಿಲ್‌ನಲ್ಲಿ ಆ ಯೋಜನೆಯನ್ನೇ ರದ್ದು ಮಾಡಿದರು, ಹಲವು ರಾಜ್ಯಗಳು ಕೋರ್ಟಿಗೆ ಹೋದವು.

ಏಡಿಯ ಲೆಕ್ಕವೂ ಹಿತವಾಗಿಲ್ಲ. ಚಳಿಗಾಲದಲ್ಲಿ ಕೆಸರಿನೊಳಗೆ ಹುದುಗಿರುವ ಏಡಿಗಳನ್ನು ಅಂದಾಜು ಮಾಡುವ ಸಮೀಕ್ಷೆ 1990ರಿಂದ ನಡೆಯುತ್ತಿದೆ. 2022ರಲ್ಲಿ ಇಡೀ ಕೊಲ್ಲಿಯಲ್ಲಿ ಸಿಕ್ಕ ಅಂದಾಜು 22.7 ಕೋಟಿ, ಅಲ್ಲಿಯವರೆಗಿನ ಅತಿ ಕಡಿಮೆ. ಆದರೂ 1947ರಿಂದ ಬಂದ ನ್ಯಾಷನಲ್ ಹಾರ್ಡ್ ಕ್ರ್ಯಾಬ್ ಡರ್ಬಿ ಎಂಬ ಜಾತ್ರೆ ಲೇಬರ್ ಡೇ ವಾರಾಂತ್ಯದಲ್ಲಿ ನಡೆಯುತ್ತದೆ. ಇಳಿಜಾರು ಹಲಗೆಯ ಮೇಲೆ ಏಡಿಗಳ ಓಟ, ಒಂದೊಂದು ರಾಜ್ಯದ ಹೆಸರಲ್ಲಿ ಒಂದೊಂದು ಏಡಿ. ನೋಡಲು ಹುಚ್ಚಾಟ, ಆದರೆ ನೋಡಬೇಕು.

ವಾಷಿಂಗ್ಟನ್, ಬಾಲ್ಟಿಮೋರ್ ಸುತ್ತ ನೆಲೆಸಿದ ಕರಾವಳಿ ಕನ್ನಡಿಗರಿಗೆ ಈ ಊರು ಮೂರು ತಾಸಿನ ಕಾರಿನ ಹಾದಿ. ಇಲ್ಲಿನವರು ಏಡಿಯನ್ನು ಓಲ್ಡ್ ಬೇ ಮಸಾಲೆ ಉದುರಿಸಿ ಆವಿಯಲ್ಲಿ ಬೇಯಿಸುತ್ತಾರೆ. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಗುಸ್ತಾವ್ ಬ್ರನ್ 1939ರಲ್ಲಿ ಬಾಲ್ಟಿಮೋರಿನಲ್ಲಿ ಹುಟ್ಟುಹಾಕಿದ ಪುಡಿ ಅದು. ನಮ್ಮ ಸುಕ್ಕದ ಖಾರಕ್ಕೆ ಸರಿಗಟ್ಟದಿದ್ದರೂ ಕೆಟ್ಟದ್ದಲ್ಲ. ಪಕ್ಕದ ಜೇನ್ಸ್ ಐಲ್ಯಾಂಡ್ ಸ್ಟೇಟ್ ಪಾರ್ಕಿನಲ್ಲಿ ಬಾಡಿಗೆ ಕ್ಯಾಬಿನ್‌ಗಳಿವೆ, ಜೌಗಿನ ನಡುವೆ ಕಯಾಕ್ ಹಾದಿಗಳಿವೆ. ದಡದಲ್ಲಿ ಮನೆಯನ್ನೇ ಕೊಳ್ಳುವ ಮನಸ್ಸಾದರೆ ಏಜೆಂಟರನ್ನು ಮೂರು ಸಂಗತಿ ಕೇಳಿ: ಇಳಿತದ ಹೊತ್ತಿಗೆ ಧಕ್ಕೆಯ ಬುಡದಲ್ಲಿ ಎಷ್ಟಡಿ ನೀರಿರುತ್ತದೆ, ಮನೆಯ ನೆಲ ನೆರೆಮಟ್ಟಕ್ಕಿಂತ ಎಷ್ಟು ಮೇಲಿದೆ, ನೆರೆ ವಿಮೆಗೆ ವರ್ಷಕ್ಕೆ ಎಷ್ಟು ತೆರಬೇಕು. ದಡದಿಂದ ಸಾವಿರ ಅಡಿಯೊಳಗೆ ಏನು ಕಟ್ಟಬೇಕಾದರೂ 1984ರ ಕ್ರಿಟಿಕಲ್ ಏರಿಯಾ ಕಾಯ್ದೆ ಅಡ್ಡ ಬರುತ್ತದೆಂಬುದೂ ನೆನಪಿರಲಿ. ಎರಡು ಡಜನ್ ಏಡಿಯೇ ಬೇಕಿದ್ದರೆ ಊರಿನ ಸಾರ್ವಜನಿಕ ಧಕ್ಕೆಯಿದೆ. ದಾರವನ್ನೂ ಕೋಳಿ ಕತ್ತನ್ನೂ ತೆಗೆದುಕೊಂಡು ಹೋಗಿ, ಹೆಣ್ಣು ಸಿಕ್ಕರೆ ನೀರಿಗೆ ಬಿಡಿ.