ಹಕ್ಕಿಗೂಡಿನ ವಿಧಿ

ಯಹೂದ್ಯರ ಮೂಲಧರ್ಮಗ್ರಂಥವಾದ ತೋರಾ ಐದು ಪುಸ್ತಕಗಳ ಸಮುಚ್ಚಯ. ಅದನ್ನು 54 ಭಾಗಗಳಾಗಿ ವಿಂಗಡಿಸಿ, ಶನಿವಾರದ ಬೆಳಗಿನ ಪ್ರಾರ್ಥನಾಸಭೆಯಲ್ಲಿ ಕೈಬರಹದ ಚರ್ಮಸುರುಳಿಯಿಂದ ಪಠಿಸಿ, ವರ್ಷಾವಧಿಯಲ್ಲಿ ಮುಗಿಸುವುದು ಅವರ ಸಂಪ್ರದಾಯ. ಹೊಸ ವರ್ಷಕ್ಕೆ ಮುಂಚಿನ ಎಲೂಲ್ ಮಾಸದಲ್ಲಿ ಬರುವ ಭಾಗಕ್ಕೆ 'ಕಿ ತೇತ್ಸೇ' ಎಂದು ಹೆಸರು. ಪರಂಪರೆಯ ಎಣಿಕೆಯಂತೆ ತೋರಾದ 613 ವಿಧಿಗಳಲ್ಲಿ 74 ಇದರಲ್ಲಿಯೇ ಅಡಕವಾಗಿವೆ.

ಇವುಗಳಲ್ಲಿ ಬಹುಪಾಲು ನಿತ್ಯಜೀವನಕ್ಕೆ ಸಂಬಂಧಿಸಿದವು. ಕೂಲಿಯವನ ಕೂಲಿಯನ್ನು ಸೂರ್ಯಾಸ್ತಕ್ಕೆ ಮುನ್ನ ಸಲ್ಲಿಸಬೇಕು. ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ಹಿಂದಿರುಗದೆ ಪರದೇಶಿಗೆ, ಅನಾಥನಿಗೆ, ವಿಧವೆಗೆ ಬಿಡಬೇಕು. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳಿರಕೂಡದು. ಇಂದಿನ ಓದುಗನಿಗೆ ಕಠೋರವೆನಿಸುವ ವಿಧಿಗಳೂ ಉಂಟು. ಅವುಗಳ ವಿಚಾರ ಬೇರೆಯೇ ಆದೀತು.

ನಮ್ಮನ್ನು ತಡೆದು ನಿಲ್ಲಿಸುವುದು 22ನೆಯ ಅಧ್ಯಾಯದ ಒಂದು ಚಿಕ್ಕ ವಿಧಿ. ದಾರಿಯಲ್ಲಿ ಹಕ್ಕಿಯ ಗೂಡು ಕಂಡು, ತಾಯಿ ಮರಿಗಳ ಮೇಲೆ ಅಥವಾ ಮೊಟ್ಟೆಗಳ ಮೇಲೆ ಕುಳಿತಿದ್ದರೆ, ತಾಯಿಯನ್ನು ಹಾರಿಬಿಟ್ಟೇ ಮರಿಗಳನ್ನು ತೆಗೆದುಕೊಳ್ಳಬೇಕು. ಸಾಕಿದ ಕೋಳಿಗೆ ಇದು ಅನ್ವಯಿಸದು. ಪ್ರಾಣಿಗೂ ಮಾತೃದುಃಖ ಮನುಷ್ಯರಿಗಿರುವಂತೆಯೇ ಇದೆಯೆಂದು ಮೈಮೊನಿಡೀಸ್ ಇದಕ್ಕೆ ಕಾರಣ ಹೇಳಿದರು. ವಿಧಿಯ ಗುರಿ ಹಕ್ಕಿಯಲ್ಲ, ಕ್ರೌರ್ಯದಿಂದ ಬಿಡುಗಡೆ ಹೊಂದಬೇಕಾದ ಮನುಷ್ಯನೇ ಎಂಬುದು 13ನೆಯ ಶತಮಾನದ ನಹ್ಮನಿಡೀಸರ ಅಭಿಪ್ರಾಯ.

ಆದರೆ ಸೋಜಿಗವಿರುವುದು ಫಲಶ್ರುತಿಯಲ್ಲಿ. ಇದನ್ನು ಪಾಲಿಸಿದವನಿಗೆ ದೀರ್ಘಾಯುಷ್ಯವುಂಟೆಂದು ಗ್ರಂಥ ಭರವಸೆಯೀಯುತ್ತದೆ. ಮಾತಾಪಿತೃಗಳ ಗೌರವಕ್ಕೂ ಇದೇ ಭರವಸೆ. ಒಂದು ಬಾಳೆಲ್ಲ ಹೊರಬೇಕಾದ ಭಾರ, ಇನ್ನೊಂದು ಕ್ಷಣದ ಕೆಲಸ.

ಈ ಭರವಸೆಯೇ ಒಬ್ಬ ಪಂಡಿತನ ಶ್ರದ್ಧೆಯನ್ನು ಮುರಿಯಿತೆಂದು ತಾಲ್ಮೂದ್ ತಿಳಿಸುವ ಒಂದು ಐತಿಹ್ಯವಿದೆ. ತಂದೆಯ ಮಾತಿನಂತೆ ಬಾಲಕನೊಬ್ಬ ಮೇಲೇರಿ, ತಾಯಿಹಕ್ಕಿಯನ್ನು ಹಾರಿಬಿಟ್ಟು, ಮರಿಗಳೊಡನೆ ಇಳಿಯುವಾಗ ಬಿದ್ದು ಸತ್ತನು. ಎರಡು ವಿಧಿಗಳನ್ನೂ ಒಮ್ಮೆಗೇ ನಡೆಸಿದವನಿಗೆ ಈ ಗತಿ! ಇಂಥದನ್ನು ಕಂಡ ಎಲೀಷಾ ಬೆನ್ ಅಬೂಯಾ ಧರ್ಮವನ್ನೇ ತೊರೆದು 'ಅಹೇರ್', ಎಂದರೆ ಅನ್ಯನು, ಎನಿಸಿಕೊಂಡನಂತೆ. ಅವನ ಮಗಳ ಮಗನಾದ ರಬ್ಬಿ ಯಾಕೋಬನು, ಆ ದೀರ್ಘಾಯುಷ್ಯ ಈ ಲೋಕದ್ದಲ್ಲ, ಬರುವ ಲೋಕದ್ದು ಎಂದು ವ್ಯಾಖ್ಯಾನಿಸಿದನು. ಅಜ್ಜನಿಗೆ ಈ ಅರ್ಥ ಹೊಳೆದಿದ್ದರೆ ಅವನು ದಾರಿ ತಪ್ಪುತ್ತಿರಲಿಲ್ಲವೆಂದು ತಾಲ್ಮೂದ್ ಮರುಗುತ್ತದೆ.

ಶಾಸ್ತ್ರಕಾರರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಧರ್ಮಕಾರ್ಯಕ್ಕೆ ಹೊರಟವನಿಗೆ ಕೇಡಿಲ್ಲವೆಂಬ ಮಾತು ಏನಾಯಿತೆಂದು ಕೇಳಿ, ಬಾಲಕ ಹತ್ತಿದ ಏಣಿ ಶಿಥಿಲವಾಗಿತ್ತು, ಅಪಾಯ ಕಣ್ಣೆದುರಿಗಿರುವಲ್ಲಿ ಪವಾಡವನ್ನು ನೆಚ್ಚಬಾರದು ಎಂದು ಉತ್ತರಿಸಿದರು. ಪರಲೋಕದ ಸಮಾಧಾನಕ್ಕಿಂತ ಏಣಿಯ ಈ ಮಾತೇ ನನಗೆ ಹೆಚ್ಚು ಹಿಡಿಸುತ್ತದೆ. ಮೂಲಗ್ರಂಥದಲ್ಲಿಯೂ ಹಕ್ಕಿಗೂಡಿನ ಬೆನ್ನಿಗೇ ಬರುವ ವಿಧಿ ಇದು: ಹೊಸ ಮನೆ ಕಟ್ಟಿದವನು, ಯಾರೂ ಬಿದ್ದು ಸಾಯದಂತೆ, ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಿಸಬೇಕು.