ಹಸು ನೀರಿಗೆ ಹೆದರುತ್ತಿದೆಯೇ? ಕೊಟ್ಟಿಗೆಯ ಕರೆಂಟನ್ನೂ ಪರೀಕ್ಷಿಸಿ



ಹಸು ತೊಟ್ಟಿಗೆ ಮೂತಿ ಇಟ್ಟು ಹಿಂದೆ ಸರಿಯುತ್ತದೆ. ನೀರನ್ನು ಹೀರದೆ ನಾಲಿಗೆಯಿಂದ ನೆಕ್ಕುತ್ತದೆ. ಹಾಲು ಕರೆಯುವಾಗ ಕಾಲು ಎತ್ತಿ ಎತ್ತಿ ಇಡುತ್ತದೆ, ಸೊರ ಬಿಡುವುದಿಲ್ಲ. ಹೀಗಾದಾಗ ಮೊದಲು ಬಾಯಿ, ಕೆಚ್ಚಲು, ಗೊರಸನ್ನು ಪಶುವೈದ್ಯರಿಗೆ ತೋರಿಸಿ. ರೋಗ ಕಾಣದೆ, ಎರಡು ಮೂರು ರಾಸುಗಳು ಒಟ್ಟಿಗೆ ಹೀಗೆ ಮಾಡುತ್ತಿದ್ದರೆ ಸೋರುವ ಕರೆಂಟಿನ ಬಗ್ಗೆ ಅನುಮಾನಪಡಿ.

ನಮಗೆ ತಿಳಿಯದ್ದು ಹಸುವಿಗೇಕೆ ತಿಳಿಯುತ್ತದೆ?

ನಮ್ಮ ಕಾಲಲ್ಲಿ ಚಪ್ಪಲಿ ಇರುತ್ತದೆ. ಹಸುವಿನ ನಾಲ್ಕೂ ಗೊರಸು ಗಂಜಲದ ತೇವದಲ್ಲಿರುತ್ತವೆ, ಬಾಯಿ ನೀರಿನಲ್ಲಿರುತ್ತದೆ. ಅದರ ಮೈಯಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ. 2ರಿಂದ 4 ವೋಲ್ಟ್ ಸೋರಿದರೂ ಹಸುವಿಗೆ ಕಿರಿಕಿರಿ. ಹೆದರಿದ ಹಸು ಸೊರ ಬಿಡುವುದಿಲ್ಲ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುವುದರಿಂದ, ನೀರು ಕಡಿಮೆ ಕುಡಿದರೆ ಹಾಲೂ ಇಳಿಯುತ್ತದೆ. ಆಗ ಹಿಂಡಿ, ಖನಿಜ ಮಿಶ್ರಣ ಹೆಚ್ಚಿಸಿ ಪ್ರಯೋಜನವಿಲ್ಲ.

ಇಲಿ ಕಡಿದ ವೈರು, ಸಡಿಲವಾದ ನ್ಯೂಟ್ರಲ್ ಜೋಡಣೆ, ಬೇಸಿಗೆಯಲ್ಲಿ ಒಣಗಿದ ಅರ್ತಿಂಗ್ ಗುಂಡಿ, ಹಳೆಯ ಮೇವು ಕತ್ತರಿಸುವ ಯಂತ್ರ ಇವೇ ಸಾಮಾನ್ಯ ಕಾರಣಗಳು.

ನೀವು ಮಾಡಬಹುದಾದದ್ದು

ಒಣ ಜಾಗದಲ್ಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರಿಡಿ. ತೊಟ್ಟಿಯಲ್ಲಿ ಕುಡಿಯದ ಹಸು ಬಕೆಟ್ಟಿನಲ್ಲಿ ಗಟಗಟನೆ ಕುಡಿದರೆ ತಡಮಾಡದೆ ಎಲೆಕ್ಟ್ರಿಷಿಯನ್ ಕರೆಸಿ. ನಿಮ್ಮ ಕೈಗೇ ಜುಮ್ ಎಂದರೆ ಹಸುವನ್ನಾಗಲಿ ಸರಪಳಿಯನ್ನಾಗಲಿ ಮುಟ್ಟದೆ ಮೊದಲು ಮೇನ್ ಆಫ್ ಮಾಡಿ. ವೈರು ಬಿಚ್ಚುವ ಕೆಲಸ ನಿಮ್ಮದಲ್ಲ.

ಎಲೆಕ್ಟ್ರಿಷಿಯನ್ ಕಲಿತಿರಬೇಕಾದದ್ದು

ಟೆಸ್ಟರ್ ದೀಪ ಹತ್ತಲಿಲ್ಲವೆಂದು "ಎಲ್ಲ ಸರಿ ಇದೆ" ಎನ್ನುವುದು ಸಾಲದು. ಇಷ್ಟು ಸಣ್ಣ ವೋಲ್ಟೇಜ್ ಟೆಸ್ಟರಿಗೆ ಕಾಣುವುದಿಲ್ಲ. ಅವರು ಈ ಮೂರು ಅಳತೆ ಬಲ್ಲವರಾಗಿರಬೇಕು.

1. ಹಸು ಮುಟ್ಟುವ ಜಾಗದ ವೋಲ್ಟೇಜ್: ತೊಟ್ಟಿಗೂ ಹಸು ನಿಲ್ಲುವ ತೇವದ ನೆಲಕ್ಕೂ ನಡುವೆ ಮಲ್ಟಿಮೀಟರಿನಿಂದ ನೋಡಬೇಕು. ಹೆಚ್ಚಿನ ವೋಲ್ಟೇಜ್ ಇಲ್ಲವೆಂದು ಖಚಿತವಾದ ಮೇಲೆ, ಹಸುವಿನ ಮೈಗೆ ಸಮನಾಗಿ ಸುಮಾರು 500 ಓಮ್ ರೆಸಿಸ್ಟರ್ ಜೋಡಿಸಿ ಮತ್ತೆ ಅಳೆಯಬೇಕು. 1 ವೋಲ್ಟ್ ದಾಟಿದರೆ ಮೂಲ ಹುಡುಕಬೇಕು. ಮೇನ್ ಆಫ್ ಮಾಡಿದಾಗ ಅದು ಹೋದರೆ ದೋಷ ನಿಮ್ಮ ವೈರಿಂಗಿನಲ್ಲಿದೆ. ಹಾಗೆಯೇ ಉಳಿದರೆ ಹೊರಗಿನ ಲೈನಿನಿಂದಲೋ ಪಕ್ಕದ ಮನೆಯಿಂದಲೋ ಬರುತ್ತಿರಬಹುದು. ವಿದ್ಯುತ್ ಕಂಪನಿಯ 1912ಕ್ಕೆ ದೂರು ಕೊಡಿ.

2. ಯಂತ್ರ ಓಡುವಾಗಿನ ವೋಲ್ಟೇಜ್: ಮಧ್ಯಾಹ್ನ 230 ತೋರಿಸಿ, ಬೆಳಗ್ಗೆ ಎಲ್ಲರ ಮೋಟಾರ್ ಓಡುವಾಗ ಅದು ಕುಸಿಯಬಹುದು. ಆಗ ಹಾಲು ಕರೆಯುವ ಯಂತ್ರದ ಮೋಟಾರ್ ಬಿಸಿಯಾಗುತ್ತದೆ, ನಿರ್ವಾತ ಏರುಪೇರಾಗುತ್ತದೆ. ಮೊಲೆತೊಟ್ಟಿಗೆ ಪೆಟ್ಟಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಆದ್ದರಿಂದ ಹಾಲು ಕರೆಯುವ ಹೊತ್ತಿನಲ್ಲೇ ಅಳೆಯಬೇಕು.

3. ಮೂರು ಫೇಸ್‌ಗಳ ಸಮತೋಲನ: ಸಂಘದ ಶೀತಲೀಕರಣ ಘಟಕದಲ್ಲಿ ಒಂದು ಫೇಸ್ ಹೋದರೂ ಕಂಪ್ರೆಸರ್ ಸುಡಬಹುದು. ಹಾಲು 4 ಡಿಗ್ರಿಗೆ ತಣಿಯದೆ ಕೆಟ್ಟರೆ ನಷ್ಟ ಎಲ್ಲ ಸದಸ್ಯೆಯರದು. ಮೂರೂ ಫೇಸ್‌ಗಳ ಅಳತೆಯನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆದಿಟ್ಟರೆ ದೋಷದ ಸುಳಿವು ಮೊದಲೇ ಸಿಗುತ್ತದೆ.

ಕೊಟ್ಟಿಗೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಇದ್ದರೆ ಸಾಕು ಎಂದುಕೊಳ್ಳಬೇಡಿ. ಸಣ್ಣ ಸೋರಿಕೆಗೆ ಅದು ಬೀಳುವುದಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ನೀರು ಹಾಕಿ.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ವಿಷಯ ಎತ್ತಿ. ಸಂಘಕ್ಕೊಂದು ಒಳ್ಳೆಯ ಮಲ್ಟಿಮೀಟರ್ ಕೊಳ್ಳಿ. ಘಟಕ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗೆ ಈ ಅಳತೆಗಳ ತರಬೇತಿ ಕೊಡಿಸಿ. ಅವರು ವರ್ಷಕ್ಕೆರಡು ಬಾರಿ ಸದಸ್ಯೆಯರ ಕೊಟ್ಟಿಗೆಗಳನ್ನೂ ನೋಡುವಂತೆ ಗೊತ್ತುಮಾಡಿ. ಇಂದು ಹಸುವಿಗಷ್ಟೇ ಚುರುಕೆನ್ನಿಸುವ ಸೋರಿಕೆ ಬೆಳೆದರೆ, ಬರಿಗಾಲಲ್ಲಿ ಕೊಟ್ಟಿಗೆ ತೊಳೆಯುವ ನಿಮ್ಮ ಪ್ರಾಣಕ್ಕೇ ಎರವಾದೀತು. ಹಸು ಹಿಂದೆ ಸರಿದರೆ ಗದರಿಸಬೇಡಿ, ಏಕೆಂದು ನೋಡಿ.