ಎಲೆಕ್ಟ್ರಾನಿಗೂ ಸಾಲದ ವೇಗ

ಮೇ ತಿಂಗಳ ಗುಡುಗುಮಳೆಗೆ ವಕ್ಕಲೇರಿ, ಮಾಲೂರು ಕಡೆ ಕರೆಂಟು ಹೋಯಿತೆಂದರೆ ಲೈನ್‌ಮನ್ ಕಣ್ಣು ಮೊದಲು ಹೋಗುವುದು ಟ್ರಾನ್ಸ್‌ಫಾರ್ಮರ್ ಕಡೆಗೆ. ತಂತಿಗೆ ಸಿಡಿಲು ಬಡಿದರೆ ಒಂದೆರಡು ಮೈಕ್ರೋಸೆಕೆಂಡಿನಲ್ಲೇ ವೋಲ್ಟೇಜು ಲಕ್ಷಗಟ್ಟಲೆ ಏರಿ, ಆ ಅಲೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತದೆ. ಬೆಂಗಳೂರಿನ ಸಿಪಿಆರ್‌ಐನಂಥ ಪ್ರಯೋಗಾಲಯಗಳಲ್ಲಿ ಟ್ರಾನ್ಸ್‌ಫಾರ್ಮರಿನ ತಾಳಿಕೆ ನೋಡಲು ಹಾಯಿಸುವ ಕೃತಕ ಸಿಡಿಲು 1.2 ಮೈಕ್ರೋಸೆಕೆಂಡಿನಲ್ಲಿ ತುದಿ ಮುಟ್ಟಿ, 50 ಮೈಕ್ರೋಸೆಕೆಂಡಿಗೆ ಅರ್ಧಕ್ಕಿಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದವರಿಗೆ ಇಂಥ ಅಲೆಯನ್ನು ಕಣ್ಣಾರೆ ಕಾಣುವ ದಾರಿ ಕೈಗೆಟುಕುವಂತಿರಲಿಲ್ಲ.

ದಾರಿ ಹುಟ್ಟಿತ್ತು, ಬೆಳೆದಿರಲಿಲ್ಲ. ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲೇ ಕ್ಯಾಥೋಡ್ ಕಿರಣದ ಕೊಳವೆಯನ್ನು ಅಳತೆಯ ಸಾಧನವಾಗಿಸಿದ್ದರು. ಗಾಳಿ ತೆಗೆದ ಗಾಜಿನೊಳಗೆ ಎಲೆಕ್ಟ್ರಾನ್‌ಗಳ ಸಪೂರ ಧಾರೆ ಹಾಯುತ್ತದೆ, ಅಳೆಯಬೇಕಾದ ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಬಾಗುತ್ತದೆ, ಹೊಳೆಯುವ ಲೇಪದ ಪರದೆಯ ಮೇಲೆ ಗೆರೆ ಬರೆಯುತ್ತದೆ. ಆದರೆ ಒಂದೇ ಸಲ ಬಂದು ಹೋಗುವ ಸಿಡಿಲಿನ ಗೆರೆ ಕ್ಯಾಮೆರಾಗೂ ಸಿಗದಷ್ಟು ಮಂಕು. ಫ್ರಾನ್ಸಿನ ಡುಫೂರ್ ಫೋಟೊ ಪ್ಲೇಟನ್ನೇ ಕೊಳವೆಯೊಳಗಿಟ್ಟು, ಎಲೆಕ್ಟ್ರಾನ್ ನೇರ ಅದಕ್ಕೇ ಬಡಿಯುವಂತೆ ಮಾಡಿದರು. ಪ್ಲೇಟು ತುಂಬಲು ಕೊಳವೆ ಬಿಚ್ಚಿದಾಗಲೆಲ್ಲ ಮತ್ತೆ ಪಂಪು ಹಾಕಿ ಗಾಳಿ ತೆಗೆಯಬೇಕು. ಆ ತಾಳ್ಮೆ ದೊಡ್ಡದು.

ಸಿಡಿಲಿಗಿಂತ ಸಾವಿರ ಪಟ್ಟು ಚುರುಕಾದ ಸಂಕೇತಗಳೂ ಇವೆ. 1965ರಲ್ಲಿ ಅದೇ ಕೋಲಾರದ ಕೆಜಿಎಫ್ ಗಣಿಯ 2.3 ಕಿಲೋಮೀಟರ್ ಆಳದಲ್ಲಿ ಟಿಐಎಫ್‌ಆರ್, ಒಸಾಕಾ, ಡರ್ಹಮ್ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊಗಳ ಗುರುತು ಹಿಡಿದರಲ್ಲ, ಅಲ್ಲಿ ಬಳಸಿದಂಥ, ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರಿನ ಮಿಂಚು ಉಳಿಯುವುದು ಕೆಲವೇ ನ್ಯಾನೋಸೆಕೆಂಡು.

ಇಲ್ಲಿ ಎಲೆಕ್ಟ್ರಾನೇ ನಿಧಾನವಾಗಿಬಿಡುತ್ತದೆ! 2,000 ವೋಲ್ಟಿಗೆ ಚಿಮ್ಮಿದ ಎಲೆಕ್ಟ್ರಾನ್ ಒಂದು ನ್ಯಾನೋಸೆಕೆಂಡಿನಲ್ಲಿ ಸಾಗುವುದು ಸುಮಾರು 2.6 ಸೆಂಟಿಮೀಟರ್. ಬಾಗಿಸುವ ಲೋಹದ ಫಲಕವೂ ಅಷ್ಟೇ ಉದ್ದವಿದ್ದು, ಸಂಕೇತ ಸೆಕೆಂಡಿಗೆ ನೂರು ಕೋಟಿ ಸಲ ಏರಿಳಿಯುತ್ತಿದ್ದರೆ, ಎಲೆಕ್ಟ್ರಾನ್ ಫಲಕ ದಾಟುವಷ್ಟರಲ್ಲಿ ಮೇಲೆ ಸೆಳೆದ ಬಲ ಕೆಳಗೂ ಅಷ್ಟೇ ಸೆಳೆದಿರುತ್ತದೆ. ಸಂಕೇತ ಬಂದದ್ದೇ ಗೆರೆಯಲ್ಲಿ ಗೊತ್ತಾಗುವುದಿಲ್ಲ. ಫಲಕ ಗಿಡ್ಡ ಮಾಡಿದರೆ ಬಾಗು ಸಾಲದು, ಎಲೆಕ್ಟ್ರಾನಿನ ವೇಗ ಹೆಚ್ಚಿಸಿದರೂ ಅದೇ ಪಾಡು.

ವಿನ್ಯಾಸಕಾರರು ಫಲಕವನ್ನು ತುಂಡು ಮಾಡಿದರು. ತುಂಡಿನಿಂದ ತುಂಡಿಗೆ ಸಂಕೇತವನ್ನು ತಡೆತಡೆದು, ಎಲೆಕ್ಟ್ರಾನಿನ ಜೊತೆಜೊತೆಗೇ ನಡೆಸಿದರು. ಧಾರೆಯ ಪ್ರತಿ ಎಲೆಕ್ಟ್ರಾನಿಗೂ ಕೊನೆಯವರೆಗೆ ಒಂದೇ ದಿಕ್ಕಿನ ಸೆಳೆತ. 1960ರ ದಶಕದ ಆರಂಭದ ಟೆಕ್ಟ್ರಾನಿಕ್ಸ್ ಕಂಪನಿಯ 519 ಆಸಿಲೋಸ್ಕೋಪ್ ಹೀಗೆ ಸೆಕೆಂಡಿಗೆ ಆ ನೂರು ಕೋಟಿ ಸಲ, ಅಂದರೆ ಒಂದು ಗಿಗಾಹರ್ಟ್ಸ್ ಮುಟ್ಟಿತು.

ಗೆರೆಯ ಬೆಳಕಿನ ಕೊರತೆ ನೀಗಿದ್ದು 1970ರ ದಶಕದ ಕೊನೆಯಲ್ಲಿ ಬಂದ ಅದೇ ಕಂಪನಿಯ 7104ರಲ್ಲಿ. ಪರದೆಯ ಹಿಂದೆ ಸೂಕ್ಷ್ಮ ರಂಧ್ರಗಳ ತೆಳು ಗಾಜುಬಿಲ್ಲೆ. ಒಳಹೊಕ್ಕ ಎಲೆಕ್ಟ್ರಾನ್ ರಂಧ್ರದ ಗೋಡೆಗೆ ಬಡಿದು ಇನ್ನಷ್ಟನ್ನು ಎಬ್ಬಿಸುತ್ತದೆ, ಅವು ಮತ್ತಷ್ಟನ್ನು. ಒಂದೇ ಸಲ ಹಾದುಹೋಗುವ ನ್ಯಾನೋಸೆಕೆಂಡಿನ ಗೆರೆ ಕೋಣೆಯ ಮಾಮೂಲಿ ಬೆಳಕಿನಲ್ಲೇ ಬರಿಗಣ್ಣಿಗೆ ಕಂಡಿತು.